ಗಾಜಿನ ಪೆಟ್ಟಿಗೆಯ ಕತ್ತಿ

ಜಕ್ಕೂರಿನ ನಮ್ಮ ಮಾವನ ಮನೆಯಲ್ಲಿ ಅವರ ತಾತನ ಕಾಲದ ಒಂದು ಕತ್ತಿಯಿದೆ. ಇದೆ ಅಂದೆನಲ್ಲ, ತಪ್ಪು, ಇತ್ತು. ಯಾವ ಯುದ್ಧದ್ದು, ಯುದ್ಧ ಕಂಡಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ. ಮಾವನಿಗೆ ಇಬ್ಬರೂ ಹೆಣ್ಣುಮಕ್ಕಳೇ. ಹಿರಿಯ ಅಳಿಯ ನಾನು, ಯಶವಂತಪುರದ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಜೀವ ತೇಯ್ದವನು. ಮದುವೆಯಾದಾಗಿನಿಂದ ಪ್ರತಿ ಆಯುಧಪೂಜೆಯ ಹಿಂದಿನ ದಿನ ಸಹಕಾರನಗರದಿಂದ ಹೋಗಿ ಆ ಕತ್ತಿಯನ್ನು ಒರೆಸಿ, ಎಣ್ಣೆ ಸವರಿ, ಅರಿಶಿನ ಕುಂಕುಮಕ್ಕೆ ಸಿದ್ಧ ಮಾಡುತ್ತಿದ್ದವನು ನಾನೇ. ಅದು ನನಗೆ ಬರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳುವ ಅಗತ್ಯವಿದೆ ಎಂದು ನನಗೂ ಅನಿಸಿರಲಿಲ್ಲ.

ಹೋದ ವರ್ಷ ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ನಮ್ಮನ್ನೆಲ್ಲ ತನ್ನ ಹೊಸ ಕಾರಿನಲ್ಲಿ ಮೈಸೂರು ಅರಮನೆಗೆ ಕರೆದೊಯ್ದ. ತಣಿಸಂದ್ರದಲ್ಲಿ ಅಪಾರ್ಟ್‌ಮೆಂಟ್ ಕಟ್ಟಿಸುವವನು. ಆಯುಧಗಳ ಕೋಣೆಯನ್ನು ಎಲ್ಲರಿಗೂ ತೋರಿಸುವುದಿಲ್ಲವಂತೆ. ಅವನು ಮೊದಲೇ ಅನುಮತಿ ಪತ್ರ ತರಿಸಿದ್ದ. ಮಾವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ನಾನು ಹಿಂದೆ, ಮೊಸರನ್ನದ ಬುತ್ತಿಯ ಪಕ್ಕ. ಹೆಬ್ಬಾಳದ ಫ್ಲೈಓವರ್ ಇಳಿಯುವ ಮೊದಲೇ ನನಗೆ ಹೊಟ್ಟೆಕಿಚ್ಚು ಶುರುವಾಗಿತ್ತು.

ಆಯುಧಗಳ ಮುಂದೆ ನಿಂತಾಗ, ಇನ್ನು ನನ್ನ ಸರದಿ ಎಂದುಕೊಂಡೆ. ಬಾಗಿದ ಕತ್ತಿಗಳು, ಕಠಾರಿಗಳು, ಅಂಗೈಯಲ್ಲಿ ಅಡಗುವ ಹುಲಿಯುಗುರು. ಅಲಗಿನ ಬೆನ್ನು ಮೆದುವಾಗಿ, ಬಾಯಿ ಗಟ್ಟಿಯಾಗಿ ಇರಬೇಕಾದರೆ ಉಕ್ಕಿಗೆ ಹೇಗೆ ಹದ ಕೊಡುತ್ತಾರೆ ಎಂದು ಹೇಳತೊಡಗಿದೆ. ಮಾವ "ಊಂ, ಊಂ" ಎಂದರು. ಅಷ್ಟರಲ್ಲಿ ಷಡ್ಡಕ ಗಾಜಿನ ಕಡೆ ಬೆರಳು ತೋರಿಸಿದ.

"ಮಾವ, ನಮ್ ಮನೆ ಹಾಲಲ್ಲೂ ಇಂಥದ್ದೇ ಒಂದ್ ಪೆಟ್ಟಿಗೆ ಮಾಡಿಸ್ತೀನಿ. ಒಳಗೆ ಲೈಟು, ಕೆಳಗೆ ನಿಮ್ ತಾತನ ಹೆಸ್ರು. ಬಂದೋರೆಲ್ಲ ನೋಡ್ಬೇಕು."

ಮಾವನ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ಎಣ್ಣೆ ಸವರಿದ ನನಗೆ ಆ ನೀರು ಒಮ್ಮೆಯೂ ಕಂಡಿರಲಿಲ್ಲ. ಅವನ ಹಾಲು, ಅವನ ಲೈಟು, ಅವನ ನಾಲಿಗೆ ಎಲ್ಲ ಹಾಳಾಗಿಹೋಗಲಿ ಅನ್ನಿಸಿತು.

ವಾಪಸ್ ಬಂದ ಕೆಲವು ದಿನಕ್ಕೆ ಮಾವ ನನ್ನನ್ನು ಕರೆಸಿದರು. ಕತ್ತಿ ಜಗಲಿಯ ಮೇಲಿತ್ತು.

"ಅಳಿಯಂದ್ರೇ, ಒಂದ್ಸಲ ಚೆನ್ನಾಗಿ ಒರ್ಸಿ ಕೊಟ್ಬುಡಿ. ನಾಳೆ ಅವ್ರು ಬಂದು ತಗೊಂಡೋಯ್ತಾರೆ. ನಿಮ್ಮಂಗೆ ಇನ್ಯಾರಿಗೂ ಮಾಡಕ್ಕಾಗಲ್ಲ."

ಒರೆಸಿದೆ. ಹಿಂದೆಂದೂ ಇಲ್ಲದಷ್ಟು ಹೊಳೆಯಿತು. ಎಣ್ಣೆಯ ಬಾಟಲಿ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಬೆವರಿದ ಬಲಗೈ ಹೆಬ್ಬೆರಳನ್ನು ಅಲಗಿನ ನಡುವೆ ಒತ್ತಿ, ಹಾಗೇ ಬಟ್ಟೆಯಲ್ಲಿ ಸುತ್ತಿಟ್ಟೆ. ಬೆವರು ಉಕ್ಕನ್ನು ತಿನ್ನುತ್ತದೆ. ಟೂಲ್ ರೂಮಿಗೆ ಬಂದ ಹೊಸಬರಿಗೆ ಮೊದಲ ದಿನವೇ ನಾನು ಹೇಳಿಕೊಡುತ್ತಿದ್ದ ಪಾಠ ಅದು.

ಈ ಸಲದ ಆಯುಧಪೂಜೆ ತಣಿಸಂದ್ರದ ಷಡ್ಡಕನ ಮನೆಯಲ್ಲಿ ನಡೆಯಿತು. ಪೂಜೆಗೆಂದು ಗಾಜಿನ ಪೆಟ್ಟಿಗೆಯ ಬೀಗ ತೆಗೆದು ಕತ್ತಿಯನ್ನು ತಿರುಗಿಸಿದಾಗ, ಆ ಲೈಟಿನ ಕೆಳಗೆ, ಇಷ್ಟು ದಿನ ಗೋಡೆಗೆ ಮುಖಮಾಡಿದ್ದ ಅಲಗಿನ ಮಗ್ಗುಲಲ್ಲಿ ಕಂದು ಬಣ್ಣದ ತುಕ್ಕಿನ ಕಲೆ. ಬೇರೆಯವರಿಗೆ ಬರೀ ಕಲೆ, ನನಗೆ ಅದರ ಒಂದೊಂದು ಗೆರೆಯೂ ಕಂಡಿತು. ಷಡ್ಡಕ ಬೆಪ್ಪಾಗಿ ನಿಂತಿದ್ದ. ಇದೇ ಮುಖ ನೋಡಬೇಕೆಂದು ನಾನು ವರ್ಷವಿಡೀ ಕಾದಿದ್ದೆ.

ಮಾವ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಆಮೇಲೆ ನನ್ನ ಕೈ ಹಿಡಿದುಕೊಂಡು ಎಲ್ಲರೆದುರು ಹೇಳಿದರು.

"ನೋಡ್ರಪ್ಪ, ಇವ್ರ ಕೈ ಬೀಳ್ಲಿಲ್ಲ ಅಂದ್ರೆ ಎಂಗಾಯ್ತದೆ."

ಅವರು ಹಿಡಿದದ್ದು ಬಲಗೈ. ನಾನು ಹೆಬ್ಬೆರಳನ್ನು ಮಡಚಿ ಒಳಗಿಟ್ಟುಕೊಂಡೆ.