ಎರಡನೆಯ ಎಲೆ

ನೀನು ಕೊಲೆ ಮಾಡಿಲ್ಲವೆಂದು ನನಗೆ ಗೊತ್ತಿತ್ತು, ಈರಣ್ಣ. ಬಾಲಾನಗರದಲ್ಲಿ ನಿನ್ನ ಮನೆಯ ಮಾಲೀಕನನ್ನು ಯಾರೋ ಇರಿದು ಕೊಂದ ಆ ಮಧ್ಯಾಹ್ನ ನೀನು ಅದೇ ಊರಿನ ಇನ್ನೊಂದು ತುದಿಗೆ, ಕೋಠಿ ಬಡಾವಣೆಯ ನಮ್ಮ ಮನೆಯಲ್ಲಿ, ನನ್ನ ಎದುರಿಗೇ, ಊಟಕ್ಕೆ ಕುಳಿತಿದ್ದೆ. ಇದನ್ನು ನಾನು ಹೇಳಲಿಲ್ಲ. ಹೇಳಲಿಲ್ಲವೆಂದರೆ ಸಾಲದು — ಇಲ್ಲವೆಂದೆ.

ಅಂದು ನಮ್ಮ ಅಪ್ಪನ ಶ್ರಾದ್ಧ. ಎರಡು ಎಲೆ ಹಾಕಬೇಕು, ಇಬ್ಬರು ಬ್ರಾಹ್ಮಣರು ಉಣ್ಣಬೇಕು — ನಮ್ಮ ಮನೆಯಲ್ಲಿ ಅದು ತಪ್ಪುವಂತಿಲ್ಲ. ಒಬ್ಬರು ಬಂದರು, ಇನ್ನೊಬ್ಬರಿಗೆ ಜ್ವರ. ಅವ್ವ ಬೆಳಗಿನಿಂದ ನೀರೂ ಮುಟ್ಟದೆ ಮಡಿಯಲ್ಲಿ ಅಡುಗೆ ಮಾಡಿ ಕಾದಿದ್ದಳು. ಬೇರೊಬ್ಬರನ್ನು ಹುಡುಕುತ್ತ ಅಲೆಯುತ್ತಿದ್ದ ನನಗೆ ಔಷಧಿ ಅಂಗಡಿಯ ಮುಂದೆ ನೀನು ಸಿಕ್ಕೆ. ಒಂದೇ ಕಾರ್ಖಾನೆಯಲ್ಲಿ ಅಕ್ಕಪಕ್ಕದ ಲೇಥಿನ ಮೇಲೆ ದುಡಿಯುತ್ತಿದ್ದವರು ನಾವು. ನೀನು ನಮ್ಮ ಜಾತಿಯವನಲ್ಲವೆಂದು ತಿಳಿಯದೇನೂ ಇರಲಿಲ್ಲ. ಆದರೂ ನಾನೇ ನಿನ್ನನ್ನು ಕೈಹಿಡಿದು ಕರೆತಂದೆ. ಹಿತ್ತಲಲ್ಲಿ ಸ್ನಾನ ಮಾಡಿಸಿ, ನಿನ್ನ ಹೆಗಲಿಗೊಂದು ಜನಿವಾರ ಹಾಕಿ, ಪುರೋಹಿತರಿಗೆ ರಾಯಚೂರಿನ ವೆಂಕಟೇಶನೆಂದು ಸುಳ್ಳು ಹೆಸರು ಹೇಳಿದೆ. ನೀನು ನಕ್ಕುಬಿಟ್ಟೆ. “ಯಾರ ಮುಂದೂ ನಾ ಹೇಳಂಗಿಲ್ಲ ಬಿಡ್ರಿ” ಎಂದು ನನಗೆ ಮಾತು ಕೊಟ್ಟೆ.

ಅದೇ ದಿನ ಬೆಳಿಗ್ಗೆ ನೀರಿನ ನಲ್ಲಿಗಾಗಿ ನೀನೂ ಮಾಲೀಕನೂ ಜಗಳವಾಡಿದ್ದು ನಿಮ್ಮ ಓಣಿಗೆಲ್ಲ ಗೊತ್ತಿತ್ತು. ನಿನ್ನನ್ನು ಹಿಡಿಯಲು ಅಷ್ಟು ಸಾಕಾಯಿತು. ಶ್ರಾದ್ಧದ ಊಟಕ್ಕೆ ನಮ್ಮಲ್ಲಿದ್ದೆನೆಂದು ನೀನು ಹೇಳಿದ್ದೆ. ಅದು ನಿಜವೇ ಎಂದು ಕೇಳಲು ಪೊಲೀಸರು ಬಂದರು. ನಾನು ಅವರನ್ನು ಓಣಿಯ ತುದಿಗೆ ಕರೆದೊಯ್ದೆ — ಅವ್ವನ ಕಿವಿಗೆ ಬೀಳಬಾರದಲ್ಲ. ಇನ್‌ಸ್ಪೆಕ್ಟರು ತೆಲುಗಿನಲ್ಲಿ ಕೇಳಿದರು, ನಾನೂ ತೆಲುಗಿನಲ್ಲೇ ಹೇಳಿದೆ: ಈರಣ್ಣ ನಮ್ಮ ಮನೆಗೆ ಬಂದಿರಲಿಲ್ಲ. ಪೊಲೀಸರು ಕೇಳಿದಾಗ ಪುರೋಹಿತರೂ, ತಮಗೆ ತಿಳಿದಂತೆ, ಎರಡನೆಯ ಎಲೆಗೆ ಕುಳಿತು ಉಂಡವನು ವೆಂಕಟೇಶನೆಂದರು. ಗಂಡನ ಶ್ರಾದ್ಧ ಕೆಟ್ಟಿತೆಂದು ತಿಳಿದರೆ ಅವ್ವ ಎದೆ ಒಡೆದುಕೊಳ್ಳುತ್ತಾಳೆ — ಅಷ್ಟೇ ನನ್ನ ತಲೆಯಲ್ಲಿತ್ತು. ಇಲ್ಲ, ಅಷ್ಟೇ ಅಲ್ಲ. ಬಂಧುಗಳ ಮುಂದೆ ನನ್ನ ಮುಖ — ಹೋಗಲಿ.

ಕೋರ್ಟಿನಲ್ಲೂ ನಾನು ಅದನ್ನೇ ಹೇಳಿದೆ. ಕಟಕಟೆಯಿಂದ ನೀನು ನನ್ನನ್ನೇ ನೋಡುತ್ತಿದ್ದೆ. ನಮ್ಮಲ್ಲಿಗೆ ಊಟಕ್ಕೆ ಬಂದಿದ್ದೆನೆಂದಷ್ಟೇ ನೀನು ಅಂದೆ. ಜನಿವಾರದ ಸುದ್ದಿ ಎತ್ತಲೇ ಇಲ್ಲ. ಎತ್ತಿದ್ದರೆ ಪುರೋಹಿತರನ್ನು ಕರೆಸಿ ನಿನ್ನ ಮುಖ ತೋರಿಸುತ್ತಿದ್ದರು, ನೀನು ಉಳಿಯುತ್ತಿದ್ದೆ. ನನಗೆ ಕೊಟ್ಟ ಮಾತನ್ನು ನೀನು ಉಳಿಸಿದೆ. ನ್ಯಾಯಾಧೀಶರು ಜೀವಾವಧಿ ಶಿಕ್ಷೆ ಎಂದರು. ನನಗೆ ಅಳು ಬರಲಿಲ್ಲ, ಏನೂ ಅನಿಸಲಿಲ್ಲ. ಬಸ್ಸು ಹಿಡಿದು ಕೆಲಸಕ್ಕೆ ಹೋದೆ. ನಿನ್ನ ಲೇಥಿನ ಮೇಲೆ ಬೇರೆಯವನಿದ್ದ.

ಕೆಲವು ವರ್ಷ ಕಳೆದು, ಇನ್ನೊಂದು ಶ್ರಾದ್ಧದ ಸಂಜೆ, ಅವ್ವ ಪಾತ್ರೆ ಒರೆಸುತ್ತ ಕೇಳಿದಳು: “ಅವತ್ತ ಒಬ್ಬನ್ನ ಕರಕೊಂಡು ಬಂದಿದ್ದೆಲ್ಲೊ, ಆಪೋಶನ ತೊಗೊಳ್ಳಿಕ್ಕೂ ಬರದಾಂವ — ಮತ್ತ ಅವನ್ನ ಕರೀಲೇ ಇಲ್ಲ?” ಮೊದಲ ತುತ್ತಿಗೆ ಮುಂಚೆ ಅಂಗೈಯಲ್ಲಿ ನೀರು ಕುಡಿಯಬೇಕೆಂದು ನಿನಗೆ ತಿಳಿಯದ್ದನ್ನು ಅವಳು ಒಳಗಿನಿಂದಲೇ ಕಂಡಿದ್ದಳು. ನಾನು ಒರೆಸಿದ ಪಾತ್ರೆಗಳನ್ನು ಎತ್ತಿಡತೊಡಗಿದೆ. “ನಮ್ಮಾಂವ ಅಲ್ಲ ಅಂತ ಆಗಲೇ ತಿಳೀತು. ಹಸದಿದ್ದ, ಹೊಟ್ಟಿತುಂಬ ಉಂಡ. ನಿಮ್ಮಪ್ಪಗ ಮುಟ್ಟ್ಯದ ಬಿಡು” ಎಂದಳು.

ಆಗಲೂ ನೀನು ಜೈಲಿನಲ್ಲಿ ಬದುಕಿದ್ದೆ. ಅವ್ವನ ನೆಪವೂ ಮುಗಿದಿತ್ತು. ಮರುದಿನವೇ ವಕೀಲರ ಬಳಿ ಹೋಗಬಹುದಿತ್ತು. ಸುಳ್ಳುಸಾಕ್ಷಿ ಹೇಳಿದ್ದಕ್ಕೆ ನನ್ನನ್ನೇ ಒಳಗೆ ಹಾಕುತ್ತಾರೆಂದು ಹೆದರಿದೆ — ನಾಳೆ, ನಾಡಿದ್ದು ಎನ್ನುತ್ತಲೇ ಇದ್ದೆ. ನೀನು ಅಲ್ಲಿಯೇ ಕಾಮಾಲೆಯಿಂದ ಸತ್ತೆಯೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು.

ಅವ್ವ ಈಗಿಲ್ಲ. ನಿನ್ನ ಹೆಂಡತಿ ಗೌರವ್ವ ಲಿಂಗಸುಗೂರಿನ ಹತ್ತಿರ ನಿಮ್ಮ ಹಳ್ಳಿಯಲ್ಲಿದ್ದಾಳೆ; ಕೊಲೆಗಾರನ ಹೆಂಡತಿ ಎಂದೇ ಅವಳನ್ನು ಇಂದಿಗೂ ಗುರುತಿಸುತ್ತಾರಂತೆ. ಇವತ್ತು ಸಂಜೆಯ ಬಸ್ಸಿಗೆ ಹೊರಟಿದ್ದೇನೆ. ಕ್ಷಮೆ ಕೇಳುವುದಿಲ್ಲ, ಆ ಮುಖ ನನಗಿಲ್ಲ. ಊರ ಹಿರಿಯರನ್ನು ಕರೆಸಿ, ಅವಳ ಎದುರಿಗೆ, ಅಂದು ಓಣಿಯ ತುದಿಯಲ್ಲಿ ಹೇಳಬೇಕಿದ್ದುದನ್ನು ಹೇಳುತ್ತೇನೆ: “ಹೌದ್ರಿ, ಆ ಮಧ್ಯಾಹ್ನ ಈರಣ್ಣ ನಮ್ಮ ಮನ್ಯಾಗ ಊಟಕ್ಕ ಕೂತಿದ್ದ.”