ಮುದ್ದೆಯೊಳಗಿನ ಮಾತ್ರೆ

ನಾದಿನಿಯ ಫೋನು ಬಂದಾಗ ನಾನು ಹಿತ್ತಲ ಬಾಗಿಲಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದೆ. ನೆನೆದ ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪುಳಕ್ಕನೆ ಬಟ್ಟಲಿಗೆ ಹಾರುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ನನಗೂ ಯಜಮಾನರಿಗೂ ಅಷ್ಟು ಕಾಳು ಬೇಕಿರಲಿಲ್ಲ. ಮಾರನೆಯ ದಿನ ನನ್ನ ಮೈದುನ ಮನೆಗೆ ಬರುವವನಿದ್ದ. ಅವನಿಗೆ ಹಿದುಕಿದ ಬೇಳೆ ಸಾರೆಂದರೆ ಪ್ರಾಣ.

ಕೈ ಒದ್ದೆಯಾಗಿತ್ತು, ಸ್ಪೀಕರ್ ಹಾಕಿ ಫೋನನ್ನು ಒಗೆಯುವ ಕಲ್ಲಿನ ಮೇಲಿಟ್ಟೆ.

“ಅತ್ಗೆ, ನಾಳೆ ಅವ್ನು ಬರಲ್ವಂತೆ.”

“ಯಾಕೆ, ಉಷಾರಿಲ್ವಾ?”

“ಉಷಾರಾಗೇ ಅವ್ನೆ. ಇಲ್ಲೇ ಇದ್ಬುಡ್ತೀನಿ ಅಂತಾನೆ. ನೀನೇನೂ ಬೇಜಾರ್ ಮಾಡ್ಕಬ್ಯಾಡ.”

ನಾದಿನಿ ಅವನಿಗೆ ಒಡಹುಟ್ಟಿದ ಅಕ್ಕ. ಊರಿಗಾಂನಲ್ಲಿ, ಚಿನ್ನದ ಗಣಿಯ ಕೆಲಸಗಾರರಿಗೆಂದು ಕಂಪನಿ ಕಟ್ಟಿದ ಹಳೆಯ ಲೈನ್‌ಮನೆಯಲ್ಲಿ ಇದ್ದಾಳೆ. ಎರಡೇ ಕೋಣೆ. ಒಂದೇ ಗೋಡೆಗೆ ಎರಡು ಸಂಸಾರ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯವರು ನೀರು ಕುಡಿ ಎನ್ನುತ್ತಾರೆ. ನಮ್ಮದು ಬೂದಿಕೋಟೆ ಕಡೆಯ ಹಳ್ಳಿ. ದೇವರ ದಯೆಯಿಂದ ತೊಟ್ಟಿ, ಹಜಾರ, ಹಸುಗಳ ಕೊಟ್ಟಿಗೆ, ಸುತ್ತ ಕಾಂಪೌಂಡು ಎಲ್ಲವೂ ಇದೆ. ಮೈದುನನಿಗೆಂದೇ ಹಿಂದುಗಡೆ ಫ್ಯಾನು, ಟಿವಿ ಇರುವ ಕೋಣೆ ಕಟ್ಟಿಸಿದ್ದೆವು. ಅದನ್ನೆಲ್ಲ ಬಿಟ್ಟು ಅಲ್ಲೇ ಇರುತ್ತಾನಂತೆ!

ಅವನಿಗೆ ಕಾಯಿಲೆ ಶುರುವಾದಾಗ ಇಪ್ಪತ್ತೆರಡು ವರ್ಷ. ಯಾರೋ ತನ್ನ ಬಗ್ಗೆಯೇ ಮಾತಾಡುವುದು ಕಿವಿಗೆ ಬೀಳುತ್ತದೆ ಎಂದು ಗೋಡೆಗೆ ಕಿವಿಯಿಟ್ಟು ನಿಲ್ಲುತ್ತಿದ್ದ. ಯಾರೋ ಊಟದಲ್ಲಿ ಇಡುಮದ್ದು ಬೆರೆಸುತ್ತಿದ್ದಾರೆ ಎಂದು ತಟ್ಟೆ ತಳ್ಳುತ್ತಿದ್ದ. ನಮ್ಮ ಸೀಮೆಯಲ್ಲಿ ಆ ಭಯ ಇದ್ದದ್ದೇ. ಆಗದವರು ಅನ್ನದಲ್ಲಿ ಏನೋ ಕಲಸಿಕೊಟ್ಟು ಮನುಷ್ಯನನ್ನು ಒಣಗಿಸುತ್ತಾರೆ ಎಂಬ ಮಾತು ಪ್ರತಿ ಜಗಲಿಯಲ್ಲೂ ಕೇಳುತ್ತದೆ. ಕೋಲಾರದ ಡಾಕ್ಟರು ಮಾತ್ರ ಇದು ಮಿದುಳಿಗೆ ಬರುವ ಕಾಯಿಲೆ, ಮಾತ್ರೆ ಬಿಡಬಾರದು ಎಂದರು. ನಮ್ಮ ಅತ್ತೆ ತೀರಿಕೊಳ್ಳುವ ಮೊದಲು ನನ್ನ ಕೈಹಿಡಿದು, “ಇವ್ನು ನನ್ ಮಗ ಅಲ್ಲ ಕಣಮ್ಮಿ, ನಿನ್ ಮಗ. ಬುಟ್ಬುಡಬ್ಯಾಡ,” ಅಂದರು. ನಾನು ಬಿಡಲಿಲ್ಲ. ನನಗೆ ಮಕ್ಕಳಾಗಲಿಲ್ಲ. ದೇವರು ಸಾಕುವುದಕ್ಕೆ ಒಬ್ಬನನ್ನು ಕೊಟ್ಟ ಎಂದುಕೊಂಡೆ.

ಮಾತ್ರೆ ಕೈಗೆ ಕೊಟ್ಟರೆ ಉಗಿಯುತ್ತಿದ್ದ. ಅದಕ್ಕೆ ನಾನೇ ಒಂದು ಉಪಾಯ ಮಾಡಿದೆ. ಸಾಯಂಕಾಲ ಚಿಕ್ಕ ಕಲ್ಲಿನ ಕುಟ್ಟಾಣಿಯಲ್ಲಿ ಮಾತ್ರೆ ಪುಡಿ ಮಾಡಿ, ಅವನ ಪಾಲಿನ ಮುದ್ದೆಗೆ ಕಲಸಿ ಕಟ್ಟಿಡುತ್ತಿದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು ಸಾರಿನಲ್ಲಿ ಅದ್ದಿ ನುಂಗುವುದು. ಹಾಗಾಗಿ ಕಹಿ ಗೊತ್ತಾಗುವುದಿಲ್ಲ ಎಂಬುದು ನನ್ನ ಲೆಕ್ಕ. ಆ ಕುಟ್ಟಾಣಿಯನ್ನು ಬೇರೆ ಯಾವುದಕ್ಕೂ ಮುಟ್ಟುತ್ತಿರಲಿಲ್ಲ.

ಮೊದಮೊದಲು ಅವನೇ ಡೈರಿಗೆ ಹಾಲು ಕೊಂಡೊಯ್ಯುತ್ತಿದ್ದ. ಅವನಿಗೊಂದು ಚಾಳಿ: ಯಾವುದೇ ಸಾಮಾನು ಕಂಡರೂ ಸಾಲಾಗಿ ಜೋಡಿಸಬೇಕು. ಡೈರಿ ಮುಂದೆ ಎಲ್ಲರ ಕ್ಯಾನುಗಳನ್ನೂ ಜೋಡಿಸುತ್ತಿದ್ದ. ಒಂದು ದಿನ ಯಾರೋ ಸಾಲು ಕೆಡಿಸಿದರೆಂದು ಕೂಗಾಡಿದ. ಆಮೇಲೆ ಬೀದಿಯ ಮಕ್ಕಳು “ಉಚ್ಚ ಬಂದ, ಉಚ್ಚ ಬಂದ” ಎಂದು ಹಿಂದೆ ಓಡತೊಡಗಿದವು. ದೊಡ್ಡವರು ಹುಚ್ಚ ಎನ್ನಲಿಲ್ಲ, ಅವನು ಬಂದೊಡನೆ ದನಿ ತಗ್ಗಿಸುತ್ತಿದ್ದರು, ಅಷ್ಟೆ. ನನಗೆ ನಾಚಿಕೆಯಾಗಿ ಅವನನ್ನು ಕಳಿಸುವುದನ್ನೇ ನಿಲ್ಲಿಸಿದೆ. ಮದುವೆ ಮುಂಜಿಗೆ ಹೋಗುವಾಗ ಕೋಣೆಗೆ ಬೀಗ ಹಾಕುತ್ತಿದ್ದೆವು. ಮನೆಯಲ್ಲಿ ಅವನು ಚಪ್ಪಲಿ ಜೋಡಿಸುತ್ತಿದ್ದ, ಬೆರಣಿ ಜೋಡಿಸುತ್ತಿದ್ದ. ನಾನು “ಸುಮ್ನೆ ಕೂತ್ಕಳಪ್ಪಾ” ಅನ್ನುತ್ತಿದ್ದೆ. ಸುಮ್ಮನೆ ಕೂತ. ವರ್ಷಗಟ್ಟಲೆ ಕೂತ.

ನನಗೆ ಗರ್ಭಕೋಶದ ಆಪರೇಷನ್ ಆಗಿ ಎದ್ದು ಓಡಾಡುವಂತಿರಲಿಲ್ಲ. ಆಗ ನಾದಿನಿ ಬಂದು, ಹದಿನೈದು ದಿನ ನಾನು ನೋಡಿಕೊಳ್ಳುತ್ತೇನೆ ಎಂದು ಕರೆದುಕೊಂಡು ಹೋದಳು. ಹದಿನೈದು ದಿನ ಮೂರು ತಿಂಗಳಾಯಿತು. ಈಗ ಈ ಮಾತು.

ಯಜಮಾನರು ಕೇಳಿ, “ತಮ್ಮನ್ನ ಸಾಕಕ್ಕಾಗ್ದೆ ತಂಗಿ ಮನೇಗ್ ತಳ್ದ ಅಂತಾರೆ ಊರೋರು. ಓಗಿ ಕರ್ಕಂಬಾ,” ಅಂದರು.

ಬೆಳಗ್ಗೆ ಎದ್ದು ಸಾರು ಮಾಡಿ, ಬಿಸಿ ಮುದ್ದೆ ಕಟ್ಟಿ, ಕ್ಯಾರಿಯರ್‌ಗೆ ತುಂಬಿದೆ. ಅವನ ಆಸ್ಪತ್ರೆ ಚೀಟಿಗಳ ಫೈಲನ್ನೂ ಚೀಲಕ್ಕೆ ಹಾಕಿಕೊಂಡೆ, ಬರುವಾಗ ಡಾಕ್ಟರಿಗೆ ತೋರಿಸಿಯೇ ಕರೆತರೋಣವೆಂದು. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದೂ ದೇವರ ದಯೆ. ಬಂಗಾರಪೇಟೆಯಲ್ಲಿ ಇಳಿದು ರೈಲು ಹತ್ತಿದೆ. ದಾರಿಯುದ್ದಕ್ಕೂ ನಾದಿನಿಗೆ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಸಾಕುವ ಕಾಲಕ್ಕೆ ಬಾರದವಳು ಬೆಣ್ಣೆ ಹಂಚುವುದಕ್ಕೆ ಬಂದಳು ಎನ್ನುವ ಮಾತೂ ಅದರಲ್ಲಿತ್ತು.

ಅವತ್ತು ಲೈನಿಗೆ ನೀರು ಬಿಡುವ ದಿನ. ಇಡೀ ಬೀದಿಗೆ ಒಂದೇ ನಲ್ಲಿ, ನೀರು ನಾಲ್ಕೈದು ದಿನಕ್ಕೊಮ್ಮೆ. ದೂರದಿಂದಲೇ ಕೊಡಗಳ ಸಾಲು ಕಂಡಿತು. ಹಸಿರು, ನೀಲಿ, ಕೆಂಪು ಪ್ಲಾಸ್ಟಿಕ್ ಕೊಡಗಳು ದಾರ ಹಿಡಿದು ಇಟ್ಟಂತೆ ನೆಟ್ಟಗೆ. ಅದನ್ನು ಜೋಡಿಸಿದ ಕೈ ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ನಲ್ಲಿಯ ಪಕ್ಕ ಕಲ್ಲಿನ ಮೇಲೆ ಮೈದುನ ಕೂತಿದ್ದ. ಹೆಗಲ ಮೇಲೆ ಟವೆಲು. ಒಬ್ಬ ಹೆಂಗಸು ಮೆಲ್ಲಗೆ ತನ್ನ ಕೊಡವನ್ನು ಮುಂದೆ ತಳ್ಳಿದಳು.

“ಅಕ್ಕಾ, ಹಸ್ರು ಕೊಡ ಆದ್ಮೇಲೆ ನಿಂದು,” ಅಂದ ಅವನು.

“ಓಹೋ, ನೀನೇನ್ ಕಲೆಕ್ಟರಾ?”

“ಕಲೆಕ್ಟರ್ ಬಂದ್ರೂ ಹಸ್ರು ಕೊಡ ಆದ್ಮೇಲೇನೆ.”

ಹೆಂಗಸರೆಲ್ಲ ಹೋ ಎಂದು ನಕ್ಕರು. ಅವನೂ ನಕ್ಕ. ತನ್ನಷ್ಟಕ್ಕೆ ತಾನು ನಗುವುದನ್ನು ವರ್ಷಗಳಿಂದ ನೋಡಿದ್ದೆ. ಇನ್ನೊಬ್ಬರ ಮುಖ ನೋಡಿ ನಕ್ಕದ್ದನ್ನು ನೋಡಿರಲಿಲ್ಲ. ಸಂತೋಷಪಡಬೇಕಿತ್ತು. ಆ ನಗು ನನ್ನ ಅಂಗಳದಲ್ಲಿ ಯಾಕೆ ಬರಲಿಲ್ಲ ಎಂದು ಕಣ್ಣು ಉರಿಯಿತು, ಅಷ್ಟೇ ನಿಜ.

ನನ್ನನ್ನು ಕಂಡು, “ಅತ್ಗೆ, ಆ ಕಡೀಕ್ ನಿಂತ್ಕ, ನೀರ್ ಸಿಡೀತದೆ,” ಅಂದ. ಮತ್ತೆ ಕೊಡಗಳ ಕಡೆ ತಿರುಗಿದ.

ಪಕ್ಕದ ಮನೆಯ ತಮಿಳಜ್ಜಿ ಬಾಗಿಲಲ್ಲೇ ಕೂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ನೀನೇನಮ್ಮಾ ಅತ್ಗೆ? ತಂಬಿ ಯೋಳ್ತಾ ಇರ್ತಾನೆ. ಇವ್ನು ಬರಕ್ ಮುಂಚೆ ಇಲ್ಲಿ ನೀರ್ ಬಂದ್ರೆ ತಲೆಕೂದ್ಲು ಇಡ್ಕೊಂಡ್ ಜಗಳ. ಈಗ ತಂಬಿ ಅಂದ್ರೆ ಅಂದಂಗೆ.” ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದರು: “ತಂಬೀ, ಬೆಳಗ್ಗೆ ಮಾತ್ರೆ ನುಂಗ್ದ್ಯಾ?”

ಯಾರಾದರೂ ಕೇಳಿಸಿಕೊಂಡರೇನೋ ಎಂದು ನಾನು ಸೆರಗು ಎಳೆದುಕೊಂಡೆ. ಯಾರೂ ತಿರುಗಿಯೂ ನೋಡಲಿಲ್ಲ.

“ನಿಂಜೊತೇಲೇ ನುಂಗುದ್ನಲ್ಲಜ್ಜಿ, ಮರ್ತೋಯ್ತಾ? ನಿಂಗೇ ಮಾತ್ರೆ ಬೇಕು,” ಅಂದ ಅವನು.

ಒಳಗೆ ಹೋದೊಡನೆ ನಾದಿನಿಯನ್ನು ಕೇಳಿದೆ, “ಕೈಗೇ ಕೊಡ್ತೀಯಾ? ಉಗಿಯಲ್ವಾ?”

“ಮೊದ್ಲು ಉಗ್ದ. ಅಜ್ಜಿ ತನ್ ಬಿಪಿ ಮಾತ್ರೆ ತಂದು ಮುಂದ್ಕೂತು, ನಾನೂ ನುಂಗ್ತೀನಿ ನೀನೂ ನುಂಗು, ಯಾರ್ ಮುಖ ಕಿವುಚ್ತಾರೋ ನೋಡಾನ ಅಂದ್ರು. ಈಗ ದಿನಾ ಇಬ್ರೂ ಒಟ್ಗೇನೆ.”

ನನಗೂ ಬಿಪಿ ಮಾತ್ರೆ ಇತ್ತು. ವರ್ಷಗಳಿಂದ ಅವನ ಕಣ್ಣಿಗೆ ಬೀಳದ ಹಾಗೆ ಅಡುಗೆಮನೆಯಲ್ಲೇ ನುಂಗುತ್ತಿದ್ದೆ.

“ಎಲ್ಲಾ ಚೆಂದ ಅಂತಲ್ಲ ಅತ್ಗೆ,” ಅಂದಳು ನಾದಿನಿ. “ಒಂದೊಂದಿನ ಕಿವಿ ಮುಚ್ಕಂಡ್ ಕೂತ್ಬುಡ್ತಾನೆ. ನೀರ್ ಬರೋದು ತಡ ಆದ್ರೆ ಒದ್ದಾಡ್ತಾನೆ. ಕೊನೇ ಮನೆಯೋನು ಕುಡ್ದು ಬಂದು ಮೆಂಟ್ಲು ಅಂತಾನೆ. ಅಜ್ಜಿ ಪರಕೆ ತಗಂಡ್ ಓಗ್ತಾರೆ ಅವ್ನ್ ಮ್ಯಾಕೆ.”

ನಮ್ಮ ಬೀದಿಯ ದೊಡ್ಡವರು ಯಾರೂ ಅವನ ಮುಖಕ್ಕೆ ಮೆಂಟಲ್ ಎನ್ನಲಿಲ್ಲ, ಯಾರೂ ಪೊರಕೆಯನ್ನೂ ಹಿಡಿಯಲಿಲ್ಲ. ಯಾರೋ ಪಿಸುಗುಡುತ್ತಾರೆ ಎಂಬುದೇ ಕಾಯಿಲೆಯಾಗಿದ್ದವನ ಸುತ್ತ ನಾವೆಲ್ಲ ನಿಜವಾಗಿಯೂ ಪಿಸುಗುಡುತ್ತಲೇ ಇದ್ದೆವು. ಇಲ್ಲಿ ಬೈದರೂ ಕೂಗಿಯೇ ಬೈಯುತ್ತಾರೆ. ಯಾವುದು ಹೊರಗಿನ ದನಿ, ಯಾವುದು ತಲೆಯೊಳಗಿನದು ಎಂದು ಅವನಿಗೆ ಗೊತ್ತಾಗುತ್ತಿದ್ದಿರಬೇಕು.

ನೀರು ನಿಂತ ಮೇಲೆ ಅವನು ಊಟಕ್ಕೆ ಬಂದ. ನಾನೇ ಬಡಿಸಿದೆ. ಅವತ್ತಿನ ಮುದ್ದೆಯಲ್ಲಿ ರಾಗಿ ಬಿಟ್ಟು ಬೇರೇನೂ ಇರಲಿಲ್ಲ. ಮನೆಯಲ್ಲಿದ್ದಾಗ ಅವನು ಮುದ್ದೆಯನ್ನು ನಾಲ್ಕು ಹೋಳು ಮಾಡಿ, ಬೆರಳಲ್ಲಿ ಸವರಿ, ಮೂಸಿ, ಆಮೇಲೆ ತಿನ್ನುತ್ತಿದ್ದ. ಕಾಯಿಲೆಯವರ ಚಾಳಿ ಎಂದುಕೊಂಡಿದ್ದೆ. ಇಲ್ಲೂ ಹಾಗೆಯೇ ನಾಲ್ಕು ಹೋಳು ಮಾಡಿ ಬೆರಳಾಡಿಸಿದ.

“ಯಾಕಪ್ಪಾ, ನನ್ ಮುದ್ದೇಗ್ ಒಂದಿನಾನೂ ಇಂಗ್ ಮಾಡಿಲ್ವಲ್ಲ?” ಅಂದಳು ನಾದಿನಿ ನಗುತ್ತಾ.

ಅವನು ತಲೆಯೆತ್ತದೆ, “ಇಲ್ಲಿ ಕುಟ್ಟಾಣಿ ಸದ್ದಿಲ್ಲ,” ಅಂದ.

ನಾನು ಸೌಟನ್ನು ಪಾತ್ರೆಯಲ್ಲಿಟ್ಟು ಅವನೆದುರು ಕೂತೆ.

“ದಿನಾ ಸಂಜೆ ಕೇಳ್ತಿತ್ತು ಅತ್ಗೆ. ಗೋಡೆ ಆಚೆ. ಮದ್ದಾಕ್ತಾವ್ರೆ ಅಂತ ಡಾಕ್ಟ್ರಿಗ್ ಯೋಳ್ದೆ, ಅಣ್ಣಂಗ್ ಯೋಳ್ದೆ. ಯಾರೂ ನಂಬ್ಲಿಲ್ಲ.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ವಾಸಿಯಿತ್ತು. ನಾನೇ ನೆಂಟರ ಮುಂದೆ, “ಪಾಪ, ಊಟದಲ್ಲಿ ಏನೋ ಬೆರಸ್ತಾರೆ ಅಂತಾನೆ, ಕಾಯಿಲೆ” ಎಂದು ಲೊಚಗುಟ್ಟಿದ್ದೆ. ಅವನು ಹೇಳಿದ್ದರಲ್ಲಿ ಅದೊಂದು ಅಕ್ಷರಶಃ ನಿಜವಾಗಿತ್ತು, ಅದನ್ನು ನಿಜ ಮಾಡಿದವಳು ನಾನು.

“ತೆಪ್ಪಾಯ್ತಪ್ಪಾ,” ಅಂದೆ. ಮೈದುನನಿಗೆ ಅತ್ತಿಗೆ ಹಾಗೆ ಅನ್ನುವುದಿಲ್ಲ ನಮ್ಮಲ್ಲಿ. ಅಂದೆ. “ಅದು ಮಾತ್ರೆ. ಇನ್ಮ್ಯಾಕ್ ಕೈಗೇ ಕೊಡ್ತೀನಿ. ಮನೇಗ್ ಬಾ.”

ಅವನು ಹೊರಗೆ ನೋಡಿದ. “ನಾನ್ ಬಂದ್ರೆ ಕೊಡ ಯಾರ್ ನೋಡ್ತಾರೆ? ಅಬ್ಬಕ್ಕೆ ಬತ್ತೀನಿ. ಸಾರು ಚೆನ್ನಾಗದೆ, ಇನ್ನೊಂದ್ ಮುದ್ದೆ ಆಕು.”

ಎಳೆದುಕೊಂಡು ಬರಬಹುದಿತ್ತು. ಯಜಮಾನರು ಒಂದು ಮಾತು ಗದರಿದರೆ ಬಂದುಬಿಡುತ್ತಿದ್ದ, ಬಂದು ಮತ್ತೆ ಸುಮ್ಮನೆ ಕೂರುತ್ತಿದ್ದ. ಅತ್ತೆಗೆ ಕೊಟ್ಟ ಮಾತು ನೆನಪಾಯಿತು. ಬಿಟ್ಟುಬಿಡಬೇಡ ಎಂದಿದ್ದರು. ಬೀಗ ಹಾಕು ಎಂದಿರಲಿಲ್ಲ.

ಚೀಲದಿಂದ ಫೈಲು ತೆಗೆದು ನಾದಿನಿಯ ಕೈಗಿಟ್ಟೆ. ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಹೊರಗೆ ಬರಲಿಲ್ಲ. “ಮಜ್ಗೆ ಹುಳಿಯಾದ್ರೆ ಕುಡಿಯಲ್ಲ. ಬೆನ್ನಿಂದೆ ಬಂದು ಮುಟ್ಬ್ಯಾಡಿ, ಬೆಚ್ಚಿ ಬೀಳ್ತಾನೆ,” ಎಂದು ಶುರುಮಾಡಿದೆ.

“ಗೊತ್ತು ಅತ್ಗೆ,” ಅಂದಳು.

ಮೂರು ತಿಂಗಳಲ್ಲಿ ಅದೂ ಗೊತ್ತಾಗಿಬಿಟ್ಟಿತ್ತು ಇವಳಿಗೆ. ಆ ಒಂದು ಮಾತು ರೈಲು ಬಂಗಾರಪೇಟೆ ಮುಟ್ಟುವವರೆಗೂ ಮುಳ್ಳಿನ ಹಾಗೆ ಚುಚ್ಚಿತು.

ಬಂಗಾರು ತಿರುಪತಿ ಸ್ವಾಮಿಗೆ ಹರಕೆ ಹೊತ್ತಿದ್ದೆ: ಇವನು ನಾಲ್ಕು ಜನರ ನಡುವೆ ಮನುಷ್ಯನ ಹಾಗೆ ನಿಲ್ಲಲಿ ಎಂದು. ನಮ್ಮ ಮನೆಯಲ್ಲಿದ್ದುಕೊಂಡೇ ನಿಲ್ಲಲಿ ಎಂದು ಸೇರಿಸುವುದು ಮರೆತಿತ್ತು. ಕೇಳಿದ್ದನ್ನು ಕೊಟ್ಟವನ ಮೇಲೆ ಮುನಿಸಿಕೊಳ್ಳಲಾದೀತೇ? ಮುಡಿ ಕೊಡುವುದಿದೆ, ಕೊಡುತ್ತೇನೆ. ಮೈದುನ ಎರಡು ಮುದ್ದೆ ಉಂಡ. ನನಗೆ ನೀರು ಸಿಡಿಯದಿರಲಿ ಎಂದು ಪಕ್ಕಕ್ಕೆ ನಿಲ್ಲಿಸಿದ. ಅಷ್ಟು ಸಿಕ್ಕಿತು. ಆದರೂ ಆ ಅಜ್ಜಿಯ ಮುಖ ನೆನೆದರೆ ಇವತ್ತಿಗೂ ಎದೆಯಲ್ಲಿ ಸಣ್ಣಗೆ ಹೊಗೆಯಾಡುತ್ತದೆ.

ಮನೆಗೆ ಬಂದಾಗ ಯಜಮಾನರು ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, “ಎಲ್ಲಿ?” ಅಂದರು.

“ಅಲ್ಲಿ ಕೆಲ್ಸ ಅದೆ ಅವ್ನಿಗೆ,” ಅಂದೆ.

“ಊರೋರ್ಗೇನ್ ಯೋಳಾದು?”

“ಇದ್ನೇ ಯೋಳಿ. ಜೋರಾಗ್ ಯೋಳಿ.”

ದೀಪ ಹಚ್ಚಿ ಅಡುಗೆಮನೆಗೆ ಹೋದೆ. ಮೂಲೆಯಲ್ಲಿದ್ದ ಕುಟ್ಟಾಣಿಯನ್ನು ಹಿತ್ತಲಿಗೆ ಒಯ್ದು ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದೆ. ಮೂಸಿ ನೋಡಿದೆ, ಇನ್ನೊಮ್ಮೆ ಉಜ್ಜಿದೆ. ಆಮೇಲೆ ರಾತ್ರಿಯ ಸಾರಿಗೆ ಅದರಲ್ಲೇ ಬೆಳ್ಳುಳ್ಳಿ, ಮೆಣಸು ಹಾಕಿ ಕುಟ್ಟತೊಡಗಿದೆ.