ಕಾಟು ಹಾಕಿದ ಸಾಲುಗಳು

ಕಾನ್ವೆಂಟಿನಲ್ಲಿ ಸಿಸ್ಟರು ನಮಗೆ ಮಿ, ಮೈ, ಮೈಸೆಲ್ಫ್ ಕಲಿಸಿದ್ದು ಕನ್ನಡಿಯ ಮುಂದೆ ನಿಲ್ಲಿಸಿ. ಕನ್ನಡಿಯೊಳಗೆ ಕಾಣುವವಳು ಮೈಸೆಲ್ಫ್, ತಲೆಯಲ್ಲಿರುವುದು ಮೈ ರಿಬ್ಬನ್, ಸಿಸ್ಟರು ಬೈಯುವುದು ಮಿ. ಅರ್ಧ ಗಂಟೆಯ ಪಾಠ. ಅದನ್ನೇ ಇಳಕಲ್ಲಿನಲ್ಲಿ ಒಬ್ಬಳಿಗೆ ಒಂದೂವರೆ ತಿಂಗಳು ಕಲಿಸಿಯೂ ದಡ ಮುಟ್ಟಿಸಲಾರದೆ ಹೋದೆ.

ತೊಂಬತ್ತರ ದಶಕದ ಕೊನೆ ಅದು. ನಾನು ಸಾಲಿಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿದ್ದೆ. ನಮ್ಮ ಓಣಿಯ ನೇಕಾರರ ಮನೆಯ ಹೆಣ್ಣುಮಗಳು ಹಳೆಯ ಮಾರ್ಕ್ಸ್ ಕಾರ್ಡ್ ಹಿಡಿದು ಬಂದಳು. ಗಂಡ ತೀರಿ ಎರಡು ವರ್ಷವಾಗಿತ್ತು, ಸಣ್ಣ ಮಗಳಿದ್ದಳು. ಮೈದುನ, ಇವಳು ಕೈಯಿಂದ ನೇಯುತ್ತಿದ್ದ ಕುಣಿ ಮಗ್ಗ ಕೀಳಿಸಿ ಅಲ್ಲಿ ಪವರ್‌ಲೂಮ್ ಕೂರಿಸುವವನಿದ್ದ. ಆಮೇಲೆ ಇವಳ ಕೈಗೆ ಕೆಲಸವಿಲ್ಲ. ಓಣಿಯ ಅಂಗನವಾಡಿಯಲ್ಲಿ ಜಾಗ ಖಾಲಿ ಇತ್ತು, ಆದರೆ ಎಸ್ಸೆಸ್ಸೆಲ್ಸಿ ಆಗಿರಬೇಕು. ಇವಳದು ಇಂಗ್ಲಿಷ್ ಒಂದು ಉಳಿದಿತ್ತು. ಈ ಸಲ ತಪ್ಪಿದರೆ ಆ ಕೆಲಸಕ್ಕೆ ವಯಸ್ಸು ಮೀರುತ್ತಿತ್ತು.

“ಅಕ್ಕೋರ, ಇದೊಂದು ದಾಟಿಸಿ ಕೊಡ್ರಿ,” ಅಂದಳು.

ಮೊದಲ ದಿನ ನಿನ್ನ ಬಗ್ಗೆ ಹತ್ತು ಸೆಂಟೆನ್ಸ್ ಬರೆ ಅಂದೆ. ಅವರ್ ಹೌಸ್, ಅವರ್ ಲೂಮ್, ಅವರ್ ಹಸ್ಬಂಡ್ ಎಂದು ಬರೆದಳು. ನಾನು ನಕ್ಕುಬಿಟ್ಟೆ. ಜೀವಮಾನವಿಡೀ ಗಂಡನನ್ನು ‘ನಮ್ಮವರು’ ಎಂದೇ ಕರೆದವಳು ನಾನು, ಆದರೂ ನಕ್ಕೆ. ಅವಳು ಸೆರಗು ಬಾಯಿಗೆ ಹಿಡಿದು ನೆಲ ನೋಡಿದಳು. ನಾನು ಎಲ್ಲಕ್ಕೂ ಕೆಂಪು ಗೀಟೆಳೆದು ಕಾಟು ಹಾಕಿ ಮೇಲೆ ಮೈ, ಮೈ ಎಂದು ಬರೆದೆ.

“ಮೈ ಅಂದ್ರ ನಂದು ಅಂತಲ್ಲೇನ್ರಿ? ಮನಿ ಅತ್ತೀದು, ಮಗ್ಗ ಮೈದುನಂದು, ಸೀರಿ ಸಾವ್ಕಾರ್ರದು. ನಂದು ಅಂತ ಏನ್ ಬರೀಲ್ರಿ?”

“ಪರೀಕ್ಷಾದಾಗ ಖರೆ ಕೇಳಂಗಿಲ್ಲವಾ, ಗ್ರಾಮರ್ ಕೇಳ್ತಾರ,” ಅಂದೆ.

ಅವಳಿಗೊಂದು ರೂಢಿಯಿತ್ತು. ಪುಟ ತುಂಬ ಬರೆದಿರುತ್ತಿದ್ದಳು. ಮೂರನೇ ಸಾಲಿನಲ್ಲಿ ಒಂದು ಅನುಮಾನ ಬಂದರೆ ಸಾಕು, ಆ ಪದ ಒಂದನ್ನೇ ತಿದ್ದುತ್ತಿರಲಿಲ್ಲ. ಅಲ್ಲಿಂದ ಕೊನೆಯವರೆಗೆ ಅಷ್ಟಕ್ಕೂ ಕಾಟು ಹಾಕಿ ಮತ್ತೆ ಬರೆಯುತ್ತಿದ್ದಳು. ಯಾಕೆಂದು ಕೇಳಿದೆ. ನೇಯ್ಗೆಯಲ್ಲಿ ಒಂದು ಎಳೆ ತಪ್ಪಿದ್ದು ಆಮೇಲೆ ಕಂಡರೆ, ತಪ್ಪಿದಲ್ಲಿಯವರೆಗೂ ಬಿಚ್ಚಿಕೊಂಡು ಹೋಗಬೇಕಂತೆ. ತಪ್ಪು ಬಿಟ್ಟು ಮುಂದೆ ನೇಯ್ದರೆ ಸೀರೆ ಸಾವುಕಾರರ ಅಂಗಡಿಯಿಂದ ವಾಪಸು ಬರುತ್ತದಂತೆ. ಇಂಕಿನ ಕಲೆ ಬಿದ್ದರೆ ಹಾಳೆಯನ್ನೇ ಹರಿದು ಹಾಕುತ್ತಿದ್ದ ನಮ್ಮ ಸಿಸ್ಟರು ನೆನಪಾದರು. “ವೆರಿ ಗುಡ್,” ಅಂದೆ. ಹಾಗೆ ಅಂದ ನನ್ನ ನಾಲಿಗೆಯನ್ನು ಈಗ ಏನು ಮಾಡಲಿ?

ಪರೀಕ್ಷೆಗೆ ಹದಿನೈದು ದಿನ ಉಳಿದಿತ್ತು. ಹರ್ ಎಲ್ಲಿ, ಹರ್ಸೆಲ್ಫ್ ಎಲ್ಲಿ ಎಂದರೆ ಅವಳು ನನ್ನ ಮುಖ ನೋಡಿ ಉತ್ತರ ಹುಡುಕುತ್ತಿದ್ದಳು. ಪುಸ್ತಕ ಮುಚ್ಚಿ ಅವಳ ಮಗ್ಗದ ಪಕ್ಕ ಹೋಗಿ ಕೂತೆ. ನೂಲು ಕೊಟ್ಟವರು ಯಾರು, ನೇಯ್ದವಳು ಯಾರು, ಸೀರೆ ಯಾರದು ಎಂದು ಕೇಳುತ್ತ ಹೋದೆ. ಅವಳು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು: ಸಾವ್ಕಾರ್ ಗೇವ್ ಮಿ ಯಾರ್ನ್. ಐ ವೋವ್ ಹಿಸ್ ಸಾರಿ. ಸೆರಗಿನ ಹಾಸು ನೂಲನ್ನು ಸೀರೆಯ ಒಡಲಿನ ಹಾಸು ನೂಲಿಗೆ ಎಳೆ ಎಳೆಯಾಗಿ ಕೂಡಿಸುವ ಕೆಲಸ ಮಾತ್ರ ಯಾರ ಕೈಗೂ ಕೊಡದೆ ತಾನೇ ಮಾಡುತ್ತಿದ್ದಳು. ಐ ಜಾಯಿನ್ಡ್ ಇಟ್ ಮೈಸೆಲ್ಫ್, ಅಂದಳು, ನನ್ನ ಮುಖ ನೋಡದೆ. ಆ ದಿನ ನಾನು ದೇವರಿಗೆ ಕೈ ಮುಗಿದೆ.

ಪರೀಕ್ಷೆ ಹುನಗುಂದದಲ್ಲಿ. ಜೊತೆಗೆ ಹೋಗಿ ಕಂಪೌಂಡಿನ ಹೊರಗೆ ಬೇವಿನ ನೆರಳಲ್ಲಿ ಕೂತೆ. ಗಂಟೆ ಹೊಡೆದ ಮೇಲೆ ಅವಳು ಎಲ್ಲರಿಗಿಂತ ಹಿಂದೆ ಬಂದಳು, ಬೆರಳಿಗೆಲ್ಲ ಇಂಕು. ನಿನ್ನ ದಿನದ ಕೆಲಸದ ಬಗ್ಗೆ ಬರೆ ಎಂದು ಕೇಳಿದ್ದರಂತೆ. ಅದನ್ನೇ ಮೊದಲು ಹಿಡಿದು ಚೆಂದಾಗಿ ಬರೆದಳಂತೆ. ಬರೆದು ಮುಗಿಸಿ ನೋಡಿದರೆ ಮೇಲಿನ ಹಿಸ್ ಸಾರಿ ಕಣ್ಣಿಗೆ ಬಿತ್ತು, ನಾನು ಕೆಂಪು ಇಂಕಿನಲ್ಲಿ ಬರೆದ ‘ಮೈ’ ನೆನಪಾಯಿತು. ಅಲ್ಲಿಂದ ಕೆಳಗೆ ಕಾಟು ಹಾಕಿ ಮತ್ತೆ ಬರೆದಳು. ಮತ್ತೆ ಅನುಮಾನ, ಮತ್ತೆ ಕಾಟು. ಮೂರು ಸಲ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗಳಿಗೆ ಹೊತ್ತೇ ಉಳಿಯಲಿಲ್ಲ.

ಬಸ್ಸಿನಲ್ಲಿ ಕೇಳಿದಳು: “ಅಕ್ಕೋರ, ಕಾಟ್ ಹಾಕಿದ್ದನ್ನ ಓದ್ತಾರೇನ್ರಿ?”

ಎಷ್ಟೋ ವರ್ಷ ಪೇಪರ್ ತಿದ್ದಿದವಳು ನಾನು. ಕಾಟು ಹಾಕಿದ ಒಂದು ಸಾಲನ್ನೂ ಯಾವತ್ತೂ ಓದಿರಲಿಲ್ಲ.

“ಓದ್ತಾರವಾ,” ಅಂದೆ.

ಅವಳು ಹಗುರಾದಳು. ರಿಸಲ್ಟ್ ಯಾವಾಗ ಅಂತ ಕೇಳಿದಳು.

ಫೇಲಾದಳು. ಮಗ್ಗ ಕಿತ್ತ ಮರುದಿನ ತವರಿಗೆ ಹೊರಟವಳು ನೋಟ್‌ಬುಕ್ ತಂದು ಕಟ್ಟೆಯ ಮೇಲಿಟ್ಟಳು. ನಿನ್ನದೇ, ಇಟ್ಟುಕೋ ಅಂದೆ. “ಇಲ್ರಿ, ನಿಮ್ಮದ್ರಿ, ನೀವು ಕೊಡಿಸಿದ್ದು,” ಅಂದು ಮಗಳ ಕೈ ಹಿಡಿದುಕೊಂಡು ಹೋದಳು.

ಆ ಮಧ್ಯಾಹ್ನ ಅವಳು ಕಾಟು ಹಾಕಿದ ಸಾಲುಗಳನ್ನು ಒಂದೊಂದಾಗಿ ಓದಿದೆ. ಬಹುಪಾಲು ಸರಿಯಾಗಿದ್ದವು.